ಕುತ್ತಿಗೆ ಗಂಟಿನ ಸ್ಕ್ಯಾನು: ಬೇಡದೋರಿಗೆ ಫ್ರೀ, ಬೇಕಾದೋರಿಗೆ ಇಲ್ಲ

ಯಲಹಂಕದಿಂದ ಹೆಬ್ಬಾಳದ ಕಡೆಗೆ ಬಸ್ಸಲ್ಲಿ ಕಿಟಕಿ ಪಕ್ಕ ಕೂತು ಬೋರ್ಡು ಓದ್ಕೊಂಡು ಬನ್ನಿ. ಮೊದಲು ಚಪ್ಪಲಿ ಅಂಗಡಿ, ಬೇಕರಿ, ದರ್ಶಿನಿ ಇರ್ತಿದ್ದ ಜಾಗದಲ್ಲಿ ಈಗ ರಕ್ತಪರೀಕ್ಷೆ ಲ್ಯಾಬುಗಳೇ ಲ್ಯಾಬುಗಳು. ಸಂಕ್ರಾಂತಿ ಆಫರ್, ಮಹಿಳಾ ದಿನದ ಆಫರ್, ದೀಪಾವಳಿ ಆಫರ್. ಸೀರೆ ಅಂಗಡಿಯೋರು ಒಂದು ತಗೊಂಡ್ರೆ ಇನ್ನೊಂದು ಫ್ರೀ ಅಂತಾರಲ್ಲ, ಹಂಗೇ ಇಲ್ಲೂ ಸಕ್ಕರೆ, ಕೊಬ್ಬು, ಲಿವರ್ರು, ಕಿಡ್ನಿ ಎಲ್ಲಾ ಸೇರಿಸಿ ಒಂದು ಪ್ಯಾಕೇಜು, ಜೊತೆಗೆ ಕುತ್ತಿಗೆ ಸ್ಕ್ಯಾನ್ ಉಚಿತ. ಮನೆಯೋರು ಪ್ರೀತಿಯಿಂದ ಹೆಂಡ್ತಿಗೆ, ಅಮ್ಮಂಗೆ ಇದನ್ನ ಬುಕ್ ಮಾಡಿ ಕೊಡ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳ್ಬಿಡ್ತೀನಿ. ಕುತ್ತಿಗೆಯಲ್ಲಿ ಯಾವ ತೊಂದರೆನೂ ಇಲ್ದೋರು ಆ ಫ್ರೀ ಸ್ಕ್ಯಾನ್ ಮಾಡಿಸ್ಕೋಬೇಡಿ. ಆದ್ರೆ ಕನ್ನಡಿಯಲ್ಲಿ ಗಂಟು ಕಾಣ್ತಿದೆ, ಕೈಗೆ ಸಿಗ್ತಿದೆ ಅಂದ್ರೆ ಒಂದು ವಾರವೂ ಸುಮ್ನೆ ಕೂರ್ಬೇಡಿ. ಇವೆರಡೂ ಒಂದಕ್ಕೊಂದು ವಿರುದ್ಧ ಅನ್ನಿಸ್ಬಹುದು, ಅಲ್ಲ. ನಮ್ಮ ಬಡಾವಣೆಗಳಲ್ಲಿ ನಡೀತಿರೋದು ಪೂರ್ತಿ ಉಲ್ಟಾ ಅನ್ನೋದೇ ನನ್ನ ತಕರಾರು.

ಉಲ್ಟಾ ಅಂದ್ರೆ ಹೆಂಗೆ ಅಂತ ಹೇಳೋಕೆ ಇಬ್ಬರು ಹೆಂಗಸರ ವಿಷಯ ಹೇಳ್ಬೇಕು. ಒಬ್ಬಳು ನನ್ನ ನಾದಿನಿ, ಆರ್.ಟಿ. ನಗರದಲ್ಲಿದಾಳೆ, ನಲವತ್ತೊಂದು ವರ್ಷ. ಇನ್ನೊಬ್ಬರು ನಮ್ಮ ಮನೆಗೆ ಅಡುಗೆಗೆ ಬರೋ ಅಕ್ಕ, ಕೋಗಿಲು ಕಡೆಯಿಂದ ಬರ್ತಾರೆ, ನನಗಿಂತ ಐದಾರು ವರ್ಷ ದೊಡ್ಡೋರು.

ನಾದಿನಿಗೆ ಮದುವೆ ವಾರ್ಷಿಕೋತ್ಸವಕ್ಕೆ ಗಂಡ ಈ ಥರ ಒಂದು ಪ್ಯಾಕೇಜ್ ಕೊಡಿಸ್ದ. ರಿಪೋರ್ಟಲ್ಲಿ ಥೈರಾಯ್ಡಿನ ಎಡಭಾಗದಲ್ಲಿ 6 ಮಿಲಿಮೀಟರಿನ ಗಂಟು, ಕೆಳಗೆ ದಪ್ಪಕ್ಷರದಲ್ಲಿ ಸೂಜಿ ಪರೀಕ್ಷೆ ಮಾಡಿಸಿ ಅಂತ. ಆರು ಮಿಲಿಮೀಟರ್ ಅಂದ್ರೆ ಒಂದು ಕಡಲೆಕಾಳಿಗಿಂತ ಚಿಕ್ಕದು. ಆ ರಾತ್ರಿ ಆ ಮನೆಯಲ್ಲಿ ಯಾರೂ ಊಟ ಮಾಡ್ಲಿಲ್ಲ. ಅವಳು ಮಗಳ ಓದು, ಮನೆ ಸಾಲ ಎಲ್ಲಾ ಲೆಕ್ಕ ಹಾಕಿ, ಮಗಳ ಹೆಸರಲ್ಲಿರೋ ಎಫ್‌ಡಿ ಕಾಗದ ಎಲ್ಲಿದೆ ಅಂತ ನನಗೆ ಫೋನ್ ಮಾಡಿ ಹೇಳಿಟ್ಟಳು. ನನಗೆ ಇವತ್ತಿಗೂ ಆ ಫೋನ್ ಮರೆಯಕ್ಕಾಗಲ್ಲ.

ಅಡುಗೆ ಅಕ್ಕನ ಕುತ್ತಿಗೆಯ ಬಲಗಡೆ ಬೆಟ್ಟದ ನೆಲ್ಲಿಕಾಯಿ ಗಾತ್ರದ ಗಂಟು ಮೂರು ವರ್ಷದಿಂದ ಇತ್ತಂತೆ. ನಮ್ಮನೆಗೆ ಬರೋಕೆ ಶುರು ಮಾಡಿದ ಮೇಲೆ ಒಂದಿನ ಅವರು ತಲೆ ಎತ್ತಿ ಮೇಲಿನ ಅಟ್ಟದಿಂದ ಕುಕ್ಕರ್ ತೆಗೀವಾಗ ಕಾಣಿಸ್ತು. ಕೇಳಿದ್ರೆ, "ಅಯ್ಯೋ ಅದಾ ಅಮ್ಮಾ, ಕ್ಲಿನಿಕ್ಕಲ್ಲಿ ರಕ್ತ ತೆಗ್ದು ನೋಡವ್ರೆ, ಥೈರಾಯ್ಡ್ ನಾರ್ಮಲ್ಲಂತೆ, ಏನೂ ಇಲ್ವಂತೆ" ಅಂದ್ರು. ಸೆರಗು ಎಳೆದು ಮುಚ್ಕೊಂಡ್ರು.

ಈ "ಥೈರಾಯ್ಡ್ ನಾರ್ಮಲ್" ಅನ್ನೋ ಮಾತಲ್ಲೇ ಇರೋದು ಎಡವಟ್ಟು. ನಮ್ಮ ಜನಕ್ಕೆ ಥೈರಾಯ್ಡ್ ಅಂದ್ರೆ ಒಂದೇ ಕಾಯಿಲೆ. "ನಂಗೆ ಥೈರಾಯ್ಡ್ ಇದೆ" ಅಂತೀವಿ, ಬೇರೆಯೋರಿಗೆ ಇಲ್ವೇ ಇಲ್ಲ ಅನ್ನೋ ಹಾಗೆ! ಎಲ್ಲರಿಗೂ ಇರತ್ತೆ, ಗಂಟಲಿನ ಮುಂದೆ ಚಿಟ್ಟೆ ರೆಕ್ಕೆ ಬಿಚ್ಕೊಂಡು ಕೂತ ಹಾಗೆ ಇರೋ ಗ್ರಂಥಿ ಅದು. ಅದಕ್ಕೆ ಎರಡು ಥರ ತೊಂದರೆ ಬರ್ಬಹುದು. ಒಂದು, ಅದು ಮಾಡೋ ಕೆಲಸದಲ್ಲಿ ಹೆಚ್ಚುಕಮ್ಮಿ. ಹಾರ್ಮೋನು ಕಮ್ಮಿ ಆದ್ರೆ ಸುಸ್ತು, ಮೈ ಊದೋದು, ಮುಟ್ಟು ಏರುಪೇರು. ಜಾಸ್ತಿ ಆದ್ರೆ ಎದೆ ಡವಡವ, ಕೈ ನಡುಕ, ತೂಕ ಇಳಿಯೋದು. ಇನ್ನೊಂದು, ಅದರ ಆಕಾರದಲ್ಲಿ ವ್ಯತ್ಯಾಸ, ಅಂದ್ರೆ ಊತ, ಗಂಟು. ಟಿಎಸ್‌ಹೆಚ್ ಅನ್ನೋ ರಕ್ತಪರೀಕ್ಷೆ ಹೇಳೋದು ಕೆಲಸದ ವಿಷಯ ಮಾತ್ರ. ಗಂಟು ಒಳ್ಳೇದೋ ಕೆಟ್ಟದ್ದೋ ಅಂತ ಅದು ಹೇಳಲ್ಲ. ಥೈರಾಯ್ಡ್ ಕ್ಯಾನ್ಸರ್ ಇರೋ ಬಹುಪಾಲು ಜನರ ಟಿಎಸ್‌ಹೆಚ್ ನಾರ್ಮಲ್ಲಾಗೇ ಇರತ್ತೆ. ಮಿಕ್ಸಿ ಚೆನ್ನಾಗಿ ರುಬ್ತಿದೆ ಅಂದ ಮಾತ್ರಕ್ಕೆ ಅದರ ಜಾರಲ್ಲಿ ಬಿರುಕಿಲ್ಲ ಅಂತ ಆಗಲ್ವಲ್ಲ.

ಹಂಗಂತ ಟಿಎಸ್‌ಹೆಚ್ ಬೇಡ ಅಂತ ಅಲ್ಲ. ಗಂಟು ಇದೆ ಅಂದ ತಕ್ಷಣ ಮೊದಲು ಮಾಡೋದೇ ಅದು. ಯಾಕಂದ್ರೆ ಟಿಎಸ್‌ಹೆಚ್ ತೀರಾ ಕಮ್ಮಿ ಬಂದ್ರೆ, ಆ ಗಂಟೇ ಹಾರ್ಮೋನು ಸುರೀತಿರಬಹುದು. ಆಗ ನ್ಯೂಕ್ಲಿಯರ್ ಸ್ಕ್ಯಾನ್ ಅಂತ ಬೇರೆ ಒಂದು ಮಾಡಿ ನೋಡ್ತಾರೆ. ಅದರಲ್ಲಿ ಗಂಟು "ಬಿಸಿ" ಅಂತ ಬಂದ್ರೆ ಕ್ಯಾನ್ಸರ್ ಆಗಿರೋ ಸಾಧ್ಯತೆ ಬಹಳ ಕಮ್ಮಿ, ಸಾಮಾನ್ಯವಾಗಿ ಸೂಜಿ ಚುಚ್ಚೋದೂ ಬೇಕಿಲ್ಲ, ಹಾರ್ಮೋನಿಗೆ ಚಿಕಿತ್ಸೆ ಮಾಡಿದ್ರೆ ಆಯ್ತು. ಟಿಎಸ್‌ಹೆಚ್ ನಾರ್ಮಲ್ಲೋ ಜಾಸ್ತಿನೋ ಬಂದ್ರೆ ಆ ನ್ಯೂಕ್ಲಿಯರ್ ಸ್ಕ್ಯಾನ್ ಬೇಡ, ಅಲ್ಟ್ರಾಸೌಂಡೇ ದಾರಿ. ಇನ್ನೊಂದು ಮಾತು, ಕೂದಲು ಉದುರತ್ತೆ ಅಂತ ಬಯೋಟಿನ್ ಮಾತ್ರೆ ನುಂಗ್ತಿದ್ರೆ ಲ್ಯಾಬಿನೋರಿಗೆ, ಡಾಕ್ಟ್ರಿಗೆ ಮೊದಲೇ ಹೇಳಿ. ಅದು ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸತ್ತೆ. ನಮ್ಮ ಬೀದಿಯಲ್ಲೇ ಅರ್ಧ ಜನ ಅದನ್ನ ನುಂಗ್ತಿದಾರೆ ಅನ್ಸತ್ತೆ, ನೀರು ಹಂಗಿದೆ ಇಲ್ಲಿ.

ಈಗ ಅಲ್ಟ್ರಾಸೌಂಡ್ ವಿಷಯ. ಕೈಯಲ್ಲಿ ಮುಟ್ಟಿ ನೋಡಿದ್ರೆ ನೂರಕ್ಕೆ ಐದಾರು ಜನರಲ್ಲಿ ಗಂಟು ಸಿಗಬಹುದು. ಅದೇ ಜನರನ್ನ ಒಳ್ಳೇ ಮೆಷೀನಲ್ಲಿ ಸ್ಕ್ಯಾನ್ ಮಾಡಿದ್ರೆ ಸಿಗೋದು ಎಷ್ಟು ಗೊತ್ತಾ? ಬೇರೆ ಬೇರೆ ಅಧ್ಯಯನಗಳ ಪ್ರಕಾರ ನೂರಕ್ಕೆ 19ರಿಂದ 68. ವಯಸ್ಸಾದ ಹಾಗೆ ಜಾಸ್ತಿ, ಹೆಂಗಸರಲ್ಲಿ ಇನ್ನೂ ಜಾಸ್ತಿ. ನಮ್ಮ ಅಪಾರ್ಟ್‌ಮೆಂಟಿನ ಕಿಟ್ಟಿ ಪಾರ್ಟಿಗೆ ಬರೋ ಇಪ್ಪತ್ತು ಜನರನ್ನೂ ಸಾಲಾಗಿ ಮಲಗಿಸಿ ಸ್ಕ್ಯಾನ್ ಮಾಡಿದ್ರೆ ಅರ್ಧ ಜನಕ್ಕೆ ಏನೋ ಒಂದು ಸಿಕ್ಕರೂ ಸಿಕ್ಕಿತು. ಸಿಕ್ಕ ಗಂಟುಗಳಲ್ಲಿ ಹೆಚ್ಚಿನವು ಜೀವನಪೂರ್ತಿ ತಂಟೆ ಮಾಡ್ದೆ ಕೂತಿರ್ತವೆ.

ಇನ್ನೂ ಆಶ್ಚರ್ಯದ್ದು ಹೇಳ್ತೀನಿ. 1985ರಲ್ಲಿ ಫಿನ್ಲೆಂಡಿನಲ್ಲಿ, ಬೇರೆ ಬೇರೆ ಕಾರಣಕ್ಕೆ ತೀರಿಕೊಂಡ 101 ಜನರ ಥೈರಾಯ್ಡನ್ನ ತೆಳ್ಳಗೆ ಕತ್ತರಿಸಿ ನೋಡಿದ್ರಂತೆ. 36 ಜನರಲ್ಲಿ ಸಣ್ಣ ಸಣ್ಣ ಪ್ಯಾಪಿಲರಿ ಕ್ಯಾನ್ಸರ್ ಸಿಕ್ತು. ಬದುಕಿರೋವಾಗ ಅದು ಇದೆ ಅಂತ ಅವರಿಗೆ ಗೊತ್ತೇ ಇರಲಿಲ್ಲ, ಅವರು ಹೋಗಿದ್ದೂ ಅದರಿಂದ ಅಲ್ಲ. ಕ್ಯಾನ್ಸರ್ ಅಂದ್ರೆ ಸಾವು ಅಂತ ನಾವು ಕಲಿತಿರೋ ಲೆಕ್ಕ ಈ ಸಣ್ಣ ಗಂಟುಗಳಿಗೆ ಹೊಂದೋದೇ ಇಲ್ಲ.

ಈ ಲೆಕ್ಕ ಗೊತ್ತಿಲ್ದೆ ಒಂದು ದೇಶಕ್ಕೆ ದೇಶವೇ ಪೆಟ್ಟು ತಿಂತು. ದಕ್ಷಿಣ ಕೊರಿಯಾದಲ್ಲಿ 1999ರಲ್ಲಿ ಸರ್ಕಾರ ಬೇರೆ ಕ್ಯಾನ್ಸರುಗಳಿಗೆ ತಪಾಸಣೆ ಶುರು ಮಾಡ್ತು. ಆಸ್ಪತ್ರೆಗಳು ಅದರ ಜೊತೆಗೆ ಕಮ್ಮಿ ದುಡ್ಡಿಗೆ ಕುತ್ತಿಗೆ ಸ್ಕ್ಯಾನನ್ನೂ ಸೇರಿಸಿದ್ವು, ನಮ್ಮ ಬಳ್ಳಾರಿ ರಸ್ತೆಯ ಪ್ಯಾಕೇಜಿನ ಥರಾನೇ. 1993ಕ್ಕೆ ಹೋಲಿಸಿದ್ರೆ 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆಯಾಗೋದು ಹದಿನೈದು ಪಟ್ಟು ಆಯ್ತು. ಅಷ್ಟೊಂದು ಬೇಗ ಹಿಡಿದ್ರಲ್ಲ, ಸಾಯೋರು ಕಮ್ಮಿ ಆದ್ರಾ? ಸಾವಿನ ಲೆಕ್ಕ ಇದ್ದಲ್ಲೇ ಇತ್ತು. ಆದ್ರೆ ಪತ್ತೆಯಾದೋರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಯ್ತು. ಆಪರೇಷನ್ ಆದ 15,000ಕ್ಕೂ ಹೆಚ್ಚು ಜನರ ವಿಮೆ ದಾಖಲೆ ನೋಡಿದಾಗ ನೂರಕ್ಕೆ ಹನ್ನೊಂದು ಜನಕ್ಕೆ ಕ್ಯಾಲ್ಸಿಯಂ ಕಾಯೋ ಪ್ಯಾರಾಥೈರಾಯ್ಡ್ ಗ್ರಂಥಿಗೆ ತೊಂದರೆ ಆಗಿತ್ತು, ನೂರಕ್ಕೆ ಇಬ್ಬರಿಗೆ ಧ್ವನಿಯ ನರ ಬಿದ್ದುಹೋಗಿತ್ತು. 2014ರಲ್ಲಿ ಅಲ್ಲಿನ ಕೆಲವು ಡಾಕ್ಟರುಗಳೇ ಒಟ್ಟಾಗಿ ಈ ಸ್ಕ್ಯಾನ್ ನಿಲ್ಲಿಸಿ ಅಂತ ಬಹಿರಂಗವಾಗಿ ಹೇಳಿದ್ರು. ಒಂದೇ ವರ್ಷದಲ್ಲಿ ಆಪರೇಷನ್ನುಗಳು 43,000ದಿಂದ 28,000ಕ್ಕೆ ಇಳಿದ್ವು.

ಕೊರಿಯಾ ದೂರ ಆಯ್ತು ಅಂತೀರಾ, ಪಕ್ಕದ ಕೇರಳ ನೋಡಿ. ತಿರುವನಂತಪುರ ಜಿಲ್ಲೆಯಲ್ಲಿ 2005ರಿಂದ 2014ರೊಳಗೆ ಹೆಂಗಸರ ಥೈರಾಯ್ಡ್ ಕ್ಯಾನ್ಸರ್ ಲೆಕ್ಕ ಹತ್ತಿರ ಹತ್ತಿರ ಎರಡರಷ್ಟಾಯ್ತು, ಅದರಲ್ಲಿ ದೊಡ್ಡ ಪಾಲು ಈ ಅತಿ ಪತ್ತೆಯದ್ದೇ ಇರಬೇಕು ಅಂತ ಅಧ್ಯಯನ ಮಾಡಿದೋರು ಬರೆದಿದ್ದಾರೆ. ಈ ಲೆಕ್ಕಗಳೆಲ್ಲಾ ಎಲ್ಲಿಂದ ಬರ್ತವೆ ಗೊತ್ತಾ? ಇಡೀ ದೇಶದ ಕ್ಯಾನ್ಸರ್ ನೋಂದಣಿಯನ್ನ ಒಟ್ಟುಗೂಡಿಸೋ ಐಸಿಎಂಆರ್ ಕೇಂದ್ರ ನಮ್ಮ ಕಡೆಯೇ ಇದೆ, ಯಲಹಂಕ ದಾಟಿ ಏರ್‌ಪೋರ್ಟ್ ಹತ್ತಿರ ಕಣ್ಣಮಂಗಲದಲ್ಲಿ. ನಮ್ಮ ಬೆಂಗಳೂರಿನ ನೋಂದಣಿನೂ ಹಳೇದು, 1982ರಿಂದ ಕಿದ್ವಾಯಿ ಆಸ್ಪತ್ರೆಯಲ್ಲಿ ನಡೀತಿದೆ. ಟ್ಯಾಕ್ಸಿಯಲ್ಲಿ ವಿಮಾನ ಹಿಡಿಯೋಕೆ ಓಡೋ ನಮಗೆ ಆ ಬಿಲ್ಡಿಂಗ್ ಕಣ್ಣಿಗೇ ಬೀಳಲ್ಲ. ಅಮೆರಿಕದಲ್ಲೂ 2017ರಲ್ಲಿ ತಪಾಸಣೆಗಳ ಬಗ್ಗೆ ಸಲಹೆ ಕೊಡೋ ತಜ್ಞರ ಮಂಡಳಿ, ಲಕ್ಷಣ ಇಲ್ದ ದೊಡ್ಡೋರಿಗೆ ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಬೇಡ ಅಂತ ಖಡಾಖಂಡಿತ ಹೇಳ್ತು.

ಅದಕ್ಕೇ ನಾನು ಪ್ಯಾಕೇಜಿನ ಮೇಲೆ ಸಿಟ್ಟಾಗೋದು. ರಕ್ತಪರೀಕ್ಷೆ ಮಾಡಿಸ್ಕೊಳ್ಳಿ, ಬೇಡ ಅನ್ನಲ್ಲ. "ಕುತ್ತಿಗೆ ಸ್ಕ್ಯಾನ್ ಬೇಡ, ಮಿಕ್ಕಿದ್ದು ಮಾಡಿ" ಅಂತ ಹೇಳೋ ಹಕ್ಕು ನಿಮಗಿದೆ. ಫ್ರೀ ಇದೆಯಲ್ಲ ಮೇಡಂ ಅಂತಾರೆ. ಸ್ಕ್ಯಾನ್ ಫ್ರೀ, ಆಮೇಲೆ ಬರೋದು ಯಾವುದೂ ಫ್ರೀ ಅಲ್ಲ. ಕುತ್ತಿಗೆಯ ಗಂಟಿನ ಭಯಕ್ಕೆ ಕೈಯಲ್ಲಿರೋ ಗಂಟು ಕರಗತ್ತೆ.

ಸರಿ, ಮಾಡಿಸ್ಬಿಟ್ಟಿದೀರಿ, ಗಂಟು ಸಿಕ್ಕೂ ಬಿಟ್ಟಿದೆ. ಆಗ ರಿಪೋರ್ಟಲ್ಲಿ ನೋಡಬೇಕಾದ್ದು ಟೈ-ರಾಡ್ಸ್ ಅನ್ನೋ ಪದ. ಗಂಟಿನ ಒಳಗೆ ನೀರಿದೆಯಾ ಗಟ್ಟಿ ಇದೆಯಾ, ಸುತ್ತಲಿನ ಗ್ರಂಥಿಗಿಂತ ಕಪ್ಪಗಿದೆಯಾ, ಅಗಲಕ್ಕಿಂತ ಎತ್ತರ ಜಾಸ್ತಿನಾ, ಅಂಚು ನುಣುಪಾಗಿದೆಯಾ ಹರಕು ಹರಕಾಗಿದೆಯಾ, ಒಳಗೆ ರವೆ ಚೆಲ್ಲಿದ ಹಾಗೆ ಬಿಳೀ ಚುಕ್ಕಿ ಇದೆಯಾ, ಈ ಐದಕ್ಕೂ ಅಂಕ ಹಾಕಿ ಕೂಡಿಸಿ ಟಿಆರ್ 1ರಿಂದ ಟಿಆರ್ 5ರವರೆಗೆ ದರ್ಜೆ ಕೊಡ್ತಾರೆ. ಅಮೆರಿಕದ ರೇಡಿಯಾಲಜಿ ಕಾಲೇಜಿನೋರು 2017ರಲ್ಲಿ ತಂದ ಪದ್ಧತಿ, ಇಲ್ಲೂ ಬಳಕೆಯಲ್ಲಿದೆ. ಬರೀ ನೀರಿನ ಗಂಟು, ಸ್ಪಂಜಿನ ಥರ ತೂತು ತೂತು ಇರೋ ಗಂಟು ಟಿಆರ್ 1, ಎಷ್ಟು ದೊಡ್ಡದಿದ್ರೂ ಕ್ಯಾನ್ಸರ್ ಅನುಮಾನಕ್ಕಾಗಿ ಸೂಜಿ ಬೇಡ. ಟಿಆರ್ 2ಕ್ಕೂ ಬೇಡ. ಟಿಆರ್ 3 ಆದ್ರೆ ಎರಡೂವರೆ ಸೆಂಟಿಮೀಟರ್ ಮುಟ್ಟಿದ ಮೇಲೆ ಸೂಜಿ, ಟಿಆರ್ 4 ಆದ್ರೆ ಒಂದೂವರೆ, ಟಿಆರ್ 5 ಆದ್ರೆ ಒಂದು. ಅದಕ್ಕಿಂತ ಸ್ವಲ್ಪ ಚಿಕ್ಕದಿದ್ರೆ ಒಂದೆರಡು ವರ್ಷಕ್ಕೊಮ್ಮೆ ಸ್ಕ್ಯಾನ್ ಮಾಡಿ ಕಾಯೋದು, ತೀರಾ ಚಿಕ್ಕದಾದ್ರೆ ಅದೂ ಬೇಡ. ಅಂದ್ರೆ ಗಾತ್ರ ಒಂದೇ ನೋಡಿ ಹೆದರಬಾರ್ದು, ಲಕ್ಷಣವೂ ಗಾತ್ರವೂ ಎರಡೂ ಸೇರಬೇಕು. ರಿಪೋರ್ಟಲ್ಲಿ ಬರೀ "ಗಂಟಿದೆ, ಸೂಜಿ ಪರೀಕ್ಷೆ ಮಾಡಿಸಿ" ಅಂತ ಬರೆದು, ದರ್ಜೆ ಹಾಕದೆ, ಮೂರೂ ಕಡೆಯ ಅಳತೆ ಕೊಡದೆ ಇದ್ರೆ ಆ ಕಾಗದದ ಮೇಲೆ ಯಾವ ತೀರ್ಮಾನನೂ ಮಾಡ್ಬೇಡಿ. ವಾಪಸ್ ಹೋಗಿ ಕೇಳಿ, ಬರೆದುಕೊಡಿ ಅಂತ.

ನಾದಿನಿ ರಿಪೋರ್ಟಲ್ಲಿ ದರ್ಜೆ ಇರಲಿಲ್ಲ. ಎಂಡೋಕ್ರೈನ್ ಡಾಕ್ಟ್ರು ಫಿಲ್ಮು ನೋಡಿ, ಇನ್ನೊಂದು ಸಲ ಸ್ಕ್ಯಾನ್ ಮಾಡ್ಸಿ, ಗಟ್ಟಿ ಆದ್ರೂ ನುಣುಪು ಅಂಚಿನದು, ಚುಕ್ಕಿ ಇಲ್ಲ, ಟಿಆರ್ 3, ಬರೀ 6 ಮಿಲಿಮೀಟರು, ಸೂಜಿನೂ ಬೇಡ, ವರ್ಷ ವರ್ಷ ಸ್ಕ್ಯಾನೂ ಬೇಡ ಅಂದ್ರು. ಐದು ನಿಮಿಷದ ಮಾತು. ಆದ್ರೆ ಎರಡು ವರ್ಷ ಆದ್ಮೇಲೂ ಅವಳು ಟಿವಿ ನೋಡ್ತಾ ಕುತ್ತಿಗೆ ಮುಟ್ಕೋತಾಳೆ. ಒಂದು ಸಲ "ಗಂಟಿದೆ" ಅಂತ ಕೇಳಿದ ಕಿವಿಗೆ ಆಮೇಲೆ ಎಷ್ಟು ಸಲ "ಏನಿಲ್ಲ" ಅಂದ್ರೂ ಸಾಲಲ್ಲ.

ಅಕ್ಕನ ಕಥೆ ಬೇರೆ ಆಯ್ತು. ಅವರನ್ನ ಸ್ಕ್ಯಾನಿಗೆ ಕರ್ಕೊಂಡು ಹೋಗೋಕೆ ನನಗೆ ಐದು ವಾರ ಹಿಡೀತು. ಭಯ ಇತ್ತು ನಿಜ, ಆದ್ರೆ ಅದಕ್ಕಿಂತ ದೊಡ್ಡ ಅಡ್ಡಿ ಅಂದ್ರೆ ಅವರು ನಾಲ್ಕು ಮನೆಗೆ ಅಡುಗೆ ಮಾಡ್ತಾರೆ, ದೊಡ್ಡ ಆಸ್ಪತ್ರೆಯ ಓಪಿಡಿ ಅಂದ್ರೆ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕ್ಯೂ, ನಾಲ್ಕೂ ಮನೆಯ ಸಂಬಳ ಕಟ್. ಇಂಥೋರಿಗೆ ಯಾವ ಮಹಿಳಾ ದಿನದ ಆಫರ್ ಇದೆ ಹೇಳಿ? ಕೊನೆಗೆ ನಾಲ್ಕು ಮನೆಯೋರೂ ಮಾತಾಡ್ಕೊಂಡು ಅವರ ರಜಾದ ದುಡ್ಡು ಹಿಡಿಯಲ್ಲ ಅಂತ ಒಪ್ಕೊಂಡ ಮೇಲೆ ಹೋದ್ರು. 2.8 ಸೆಂಟಿಮೀಟರು, ಕಪ್ಪು, ಹರಕು ಅಂಚು, ರವೆ ಚುಕ್ಕಿ. ಟಿಆರ್ 5. ಪಕ್ಕದಲ್ಲಿ ಒಂದು ದುಗ್ಧಗ್ರಂಥಿನೂ ಅನುಮಾನದ್ದು.

ಸೂಜಿ ಪರೀಕ್ಷೆಗೆ ಎಫ್‌ಎನ್‌ಎಸಿ ಅಂತಾರೆ. "ಸೂಜಿ ಚುಚ್ಚಿದ್ರೆ ಕ್ಯಾನ್ಸರ್ ಕೆರಳತ್ತೆ, ಹರಡತ್ತೆ" ಅನ್ನೋ ಮಾತು ನಮ್ಮೋರಲ್ಲಿ ಎಷ್ಟು ಗಟ್ಟಿಯಾಗಿ ಕೂತಿದೆ ಅಂದ್ರೆ, ಓದಿರೋರೂ ಪಿಸುಮಾತಲ್ಲಿ ಹೇಳ್ತಾರೆ. ಥೈರಾಯ್ಡಿಗೆ ಬಳಸೋದು ರಕ್ತ ತೆಗೆಯೋ ಸೂಜಿಗಿಂತ ದಪ್ಪ ಇರಲ್ಲ, ಅದರಿಂದ ಹರಡೋದು ಅಪರೂಪದಲ್ಲಿ ಅಪರೂಪ. ಅರವಳಿಕೆ ಬೇಕಾಗದೇನೂ ಇರಬಹುದು, ಮುಗಿಸಿ ಅವತ್ತೇ ಮನೆಗೆ. ರಕ್ತ ತೆಳುಮಾಡೋ ಮಾತ್ರೆ ತಗೋತಿದ್ರೆ ಮೊದಲೇ ಹೇಳಬೇಕು ಅಷ್ಟೆ. ಅಲ್ಟ್ರಾಸೌಂಡ್ ನೋಡ್ತಾ ಚುಚ್ಚಿದ್ರೆ ಇನ್ನೂ ಒಳ್ಳೇದು, ಸರಿಯಾದ ಜಾಗಕ್ಕೇ ಬೀಳತ್ತೆ.

ಅದರ ಉತ್ತರ ಬೆಥೆಸ್ಡಾ ಅನ್ನೋ ಲೆಕ್ಕದಲ್ಲಿ ಬರತ್ತೆ. ಬೆಥೆಸ್ಡಾ ಅಮೆರಿಕದ ಒಂದು ಊರು, 2007ರಲ್ಲಿ ಅಲ್ಲಿ ತಜ್ಞರೆಲ್ಲಾ ಸೇರಿ ಆರು ದರ್ಜೆ ಮಾಡಿದ್ರು. ಒಂದು ಅಂದ್ರೆ ಜೀವಕೋಶ ಸಾಲಲಿಲ್ಲ, ಮತ್ತೆ ಚುಚ್ಚಬೇಕು. ಅದು ಕೆಟ್ಟ ಸುದ್ದಿ ಅಲ್ಲ, ಕೆಲವರು ಒಂದನೇ ದರ್ಜೆ ಅಂತ ಓದಿ ಮೊದಲನೇ ಹಂತದ ಕ್ಯಾನ್ಸರ್ ಅಂದ್ಕೊಂಡು ಅತ್ತಿದ್ದೂ ಇದೆ. ಎರಡು ಅಂದ್ರೆ ಒಳ್ಳೇ ಗಂಟು. ಆರು ಅಂದ್ರೆ ಕ್ಯಾನ್ಸರ್, ಐದು ಅಂದ್ರೆ ಬಲವಾದ ಅನುಮಾನ. ಮಧ್ಯದ ಮೂರು, ನಾಲ್ಕು ಇದಾವಲ್ಲ, ಅವೇ ತಲೆನೋವು. ನಾಲ್ಕರಲ್ಲಿ ಫಾಲಿಕ್ಯುಲರ್ ಗಂಟು ಅಂತ ಬರತ್ತೆ. ಅದು ಕ್ಯಾನ್ಸರೋ ಅಲ್ವೋ ಅನ್ನೋದು ಗಂಟಿನ ಸಿಪ್ಪೆಯನ್ನ ಜೀವಕೋಶಗಳು ದಾಟಿವೆಯಾ ಅನ್ನೋದರ ಮೇಲೆ ನಿಂತಿದೆ, ಸೂಜಿಗೆ ಸಿಪ್ಪೆ ಸಿಗಲ್ಲ. ಹಾಗಾಗಿ ಎಷ್ಟೋ ಸಲ ಅರ್ಧ ಗ್ರಂಥಿ ತೆಗೆದು ನೋಡೋದೇ ದಾರಿ. ಇದನ್ನ ಮೊದಲೇ ತಿಳ್ಕೊಂಡಿದ್ರೆ "ಡಾಕ್ಟ್ರಿಗೇ ಗೊತ್ತಾಗ್ತಿಲ್ಲ, ಸುಮ್ನೆ ಕತ್ತರಿಸ್ತಾರೆ" ಅಂತ ಆಸ್ಪತ್ರೆ ಆಸ್ಪತ್ರೆ ಅಲೆಯೋದು ತಪ್ಪತ್ತೆ.

ಅಕ್ಕಂದು ಆರು ಬಂತು, ಪ್ಯಾಪಿಲರಿ. ಪೂರ್ತಿ ಗ್ರಂಥಿ ತೆಗೆದ್ರು, ಆಮೇಲೆ ರೇಡಿಯೋ ಅಯೋಡಿನ್ ಕೊಟ್ರು. ಅದು ಕೊಟ್ಟ ಮೇಲೆ ಕೆಲವು ದಿನ ಮೊಮ್ಮಗೂನ ಎತ್ಕೋಬಾರ್ದು ಅಂದಿದ್ದೇ ಅವರಿಗೆ ಆಪರೇಷನ್ನಿಗಿಂತ ಕಷ್ಟ ಆಯ್ತು. ಈಗ ಬೆಳಿಗ್ಗೆ ಎದ್ದು ಖಾಲಿ ಹೊಟ್ಟೆಯಲ್ಲಿ ಮಾತ್ರೆ, ಅರ್ಧ ಮುಕ್ಕಾಲು ಗಂಟೆ ಆದ್ಮೇಲೆ ಕಾಫಿ, ಆಮೇಲೆ ನಮ್ಮನೆ ತಿಂಡಿ. ಪ್ಯಾಪಿಲರಿ ಥರದ್ದರಲ್ಲಿ ಚಿಕಿತ್ಸೆಯ ಫಲ ಬಹಳ ಚೆನ್ನಾಗಿರತ್ತೆ, ಆದ್ರೂ ಮೂರು ವರ್ಷ ಮುಂಚೆ ನೋಡಿದ್ರೆ ಆ ದುಗ್ಧಗ್ರಂಥಿಗೆ ಹೋಗೋಕೆ ಮುಂಚೇನೇ ಸಿಗ್ತಿತ್ತೇನೋ, ಅರ್ಧ ಗ್ರಂಥಿಯಾದ್ರೂ ಉಳೀತಿತ್ತೇನೋ. ಆ ಕ್ಲಿನಿಕ್ಕಿನೋರು ಟಿಎಸ್‌ಹೆಚ್ ನಾರ್ಮಲ್ ಅಂತ ಕಳಿಸೋ ಬದಲು ಒಂದು ಸ್ಕ್ಯಾನ್ ಚೀಟಿ ಬರೆದಿದ್ರೆ ಸಾಕಿತ್ತು.

ಆಪರೇಷನ್ ಅಂದಾಗ ಕೇಳಬೇಕಾದ ಪ್ರಶ್ನೆ, "ಪೂರ್ತಿ ಯಾಕೆ, ಅರ್ಧ ಸಾಕಾಗಲ್ವಾ?" ಅಂತ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕದಿರೋ, ಹೊರಗೆ ಹರಡಿಲ್ದಿರೋ ಕ್ಯಾನ್ಸರಿಗೂ ಎಷ್ಟೋ ಜನಕ್ಕೆ ಅರ್ಧ ತೆಗೆದ್ರೆ ಸಾಕು ಅಂತ ಅಮೆರಿಕದ ಥೈರಾಯ್ಡ್ ಸಂಘ 2015ರಲ್ಲೇ ಹೇಳಿದೆ. ಒಳ್ಳೇ ಗಂಟಿಗಂತೂ, ಉಸಿರು, ನುಂಗೋದಕ್ಕೆ ಅಡ್ಡಿ ಇಲ್ದಿದ್ರೆ, ಚಾಕುನೇ ಬೇಡ. ಗಂಟು ಕರಗಲಿ ಅಂತ ಥೈರಾಯ್ಡ್ ಮಾತ್ರೆ ಕೊಡೋ ಹಳೇ ರೂಢಿ ಇನ್ನೂ ಅಲ್ಲಲ್ಲಿ ಇದೆ. ಹಾರ್ಮೋನು ಸರಿ ಇರೋರಿಗೆ ಅದು ಬೇಡ ಅಂತಲೇ ಈಗಿನ ಸಲಹೆ, ಎದೆಬಡಿತ ಏರುಪೇರಾಗತ್ತೆ, ಮೂಳೆ ಸವೆಯತ್ತೆ.

ಜಪಾನಿನ ಕೋಬೆಯಲ್ಲಿ ಕುಮಾ ಆಸ್ಪತ್ರೆ ಅಂತಿದೆ. 1993ರಿಂದ ಅವರು ಒಂದು ಸೆಂಟಿಮೀಟರಿನೊಳಗಿನ, ಅಪಾಯದ ಲಕ್ಷಣ ಇಲ್ದ ಪ್ಯಾಪಿಲರಿ ಕ್ಯಾನ್ಸರನ್ನ ಆಪರೇಷನ್ ಮಾಡ್ದೆ, ಸ್ಕ್ಯಾನ್ ಮಾಡ್ತಾ ಕಾದು ನೋಡೋ ಕೆಲಸ ಮಾಡ್ತಿದಾರೆ. ಹಾಗೆ ಕಾದ 1,235 ಜನರಲ್ಲಿ, ಹತ್ತು ವರ್ಷದ ಲೆಕ್ಕದಲ್ಲಿ ಗಂಟು ಬೆಳೆದದ್ದು ನೂರಕ್ಕೆ ಎಂಟು ಜನಕ್ಕೆ, ದುಗ್ಧಗ್ರಂಥಿಗೆ ಹೋದದ್ದು ನೂರಕ್ಕೆ ನಾಲ್ಕು ಜನಕ್ಕೂ ಕಮ್ಮಿ. ವಯಸ್ಸಾದೋರಲ್ಲಿ ಬೆಳೆಯೋದು ಇನ್ನೂ ಕಮ್ಮಿ. ನಮ್ಮಲ್ಲಿ "ಕ್ಯಾನ್ಸರ್ ಇದೆ, ಕಾಯೋಣ" ಅಂತ ಡಾಕ್ಟ್ರು ಅಂದ್ರೆ ಅಳಿಯ, ಭಾವಮೈದ, ವಾಟ್ಸಾಪಿನ ಚಿಕ್ಕಪ್ಪ ಎಲ್ಲಾ ಸೇರಿ ಡಾಕ್ಟ್ರನ್ನೇ ಬದಲಾಯಿಸ್ತಾರೆ. ಕಾಯೋದೂ ಚಿಕಿತ್ಸೆಯೇ ಅಂತ ಒಪ್ಕೊಳೋಕೆ ನಮ್ಮ ಮನೆಗಳಿಗೆ ಇನ್ನೂ ಧೈರ್ಯ ಬಂದಿಲ್ಲ.

ಮದುವೆ ಆಗದ ಹುಡುಗಿಗೆ ಗಂಟು ಕಂಡ್ರಂತೂ ಇನ್ನೊಂದು ಪುರಾಣ. ಗಂಡಿನ ಕಡೆಯೋರಿಗೆ ಗೊತ್ತಾಗ್ಬಾರ್ದು ಅಂತ ಡಾಕ್ಟ್ರ ಹತ್ರಾನೇ ಹೋಗಲ್ಲ, ಅಥವಾ ಕಾಣಬಾರ್ದು ಅಂತ ಅವಸರದಲ್ಲಿ ಬೇಡದ ಆಪರೇಷನ್ ಮಾಡಿಸಿ, ಗುರುತಿನ ಚಿಂತೆ ತಂದ್ಕೋತಾರೆ. ಅವಳನ್ನ ಕೇಳಿ ಮೊದಲು. ಕುತ್ತಿಗೆ ಅವಳದ್ದು.

ತಡ ಮಾಡಬಾರದ್ದು ಯಾವಾಗ ಅಂದ್ರೆ, ಗಂಟು ಕೆಲವೇ ವಾರದಲ್ಲಿ ದೊಡ್ಡದಾದ್ರೆ, ಕಲ್ಲಿನ ಹಾಗೆ ಗಟ್ಟಿ ಇದ್ದು ಅಲ್ಲಾಡದಿದ್ರೆ, ನೆಗಡಿ ಇಲ್ದೆ ಧ್ವನಿ ಒಡೆದು ಸರಿ ಹೋಗದಿದ್ರೆ, ನುಂಗೋವಾಗ ಸಿಕ್ಕಿಹಾಕ್ಕೊಂಡ್ರೆ, ಕುತ್ತಿಗೆ ಪಕ್ಕ ಇನ್ನೊಂದು ಗಂಟು ಎದ್ರೆ. ಚಿಕ್ಕ ವಯಸ್ಸಲ್ಲಿ ಕುತ್ತಿಗೆಗೆ ರೇಡಿಯೇಷನ್ ಆಗಿದ್ರೆ, ಮನೆತನದಲ್ಲಿ ಥೈರಾಯ್ಡ್ ಕ್ಯಾನ್ಸರ್ ಇದ್ರೆ ಅದನ್ನೂ ಹೇಳಬೇಕು. ಮಕ್ಕಳಲ್ಲಿ ಗಂಟು ಕಂಡ್ರೆ ದೊಡ್ಡೋರ ಲೆಕ್ಕ ಹಚ್ಚಬಾರ್ದು, ಅವರಲ್ಲಿ ಅಪಾಯ ಹೆಚ್ಚು, ಬೇಗ ತೋರಿಸಬೇಕು. ಎರಡು ವರ್ಷದ ರಿಪೋರ್ಟು ಹೋಲಿಸೋವಾಗ ಒಂದು ಮಿಲಿಮೀಟರ್ ಜಾಸ್ತಿ ಕಂಡು ಗಾಬರಿ ಬೀಳ್ಬೇಡಿ, ಅಳೆಯೋರ ಕೈಯಲ್ಲೇ ಅಷ್ಟು ವ್ಯತ್ಯಾಸ ಬರತ್ತೆ. ಎರಡು ಕಡೆಯಲ್ಲಾದ್ರೂ ಐದನೇ ಒಂದು ಭಾಗದಷ್ಟು, ಕಮ್ಮಿ ಅಂದ್ರೆ ತಲಾ ಎರಡು ಮಿಲಿಮೀಟರ್ ಬೆಳೆದ್ರೆ ಬೆಳೀತು ಅಂತ ಲೆಕ್ಕ.

ಉಪ್ಪಿನ ವಿಷಯ ಕೇಳೇ ಕೇಳ್ತೀರಿ, ನಮ್ಮತ್ತೆನೂ ಕೇಳಿದ್ರು. ಮಲೆನಾಡಿನ ಹಳಬರಿಗೆ ಗಳಗಂಡ ಗೊತ್ತು. ಅಯೋಡಿನ್ ಕೊರತೆಗೆ ಗ್ರಂಥಿ ಊದತ್ತೆ, ಗಂಟೂ ಕಟ್ಟತ್ತೆ. ಅದಕ್ಕೇ 1962ರಲ್ಲೇ ದೇಶದಲ್ಲಿ ಗಳಗಂಡ ನಿಯಂತ್ರಣ ಕಾರ್ಯಕ್ರಮ ಶುರುವಾಗಿದ್ದು. ಈಗ ಶೋಕಿಗೆ ಪಿಂಕ್ ಸಾಲ್ಟು, ಸೈಂಧವ ಲವಣ ಅಂತ ಅದನ್ನೇ ಮನೆಮಂದಿಗೆಲ್ಲಾ ಹಾಕೋದು ನನಗಂತೂ ಸರಿ ಕಾಣಲ್ಲ. ಸಾದಾ ಅಯೋಡಿನ್ ಉಪ್ಪು, ಮುಚ್ಚಳ ಇರೋ ಡಬ್ಬಿಯಲ್ಲಿ, ಒಲೆಯಿಂದ ದೂರ. ಹಂಗಂತ ಇರೋ ಗಂಟು ಉಪ್ಪಿಂದ ಕರಗಲ್ಲ. ನವಿಲುಕೋಸು, ಎಲೆಕೋಸು ಬಿಡಬೇಕಾ ಅಂದ್ರೆ, ಬೇಯಿಸಿ ಹುಳಿ, ಪಲ್ಯ ಮಾಡಿ ತಿನ್ನೋಕೆ ಏನೂ ಅಡ್ಡಿ ಇಲ್ಲ. ದಿನಾ ಹಸೀದು ರುಬ್ಬಿ ಲೋಟಗಟ್ಲೆ ಜ್ಯೂಸ್ ಕುಡಿಯೋರಿಗೆ ಮಾತ್ರ ಈ ಮಾತು.

ಮುಂದಿನ ತಿಂಗಳು ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ನಿನೋರು ಹೆಲ್ತ್ ಕ್ಯಾಂಪ್ ಇಡ್ತಿದಾರೆ. ಯಾವುದೋ ಲ್ಯಾಬಿನೋರು ಬಂದು ಎಲ್ಲಾ ಫ್ಲಾಟಿನೋರಿಗೂ ಕುತ್ತಿಗೆ ಸ್ಕ್ಯಾನ್ ಉಚಿತ ಅಂದಿದಾರೆ. ನಾನು ಮೀಟಿಂಗಲ್ಲಿ ಬೇಡ ಅಂದೆ, ಇಬ್ಬರು ಮುಖ ತಿರುಗಿಸಿದ್ರು, ಒಬ್ಬರು "ನಿಮಗೆ ಬೇಡ ಅಂದ್ರೆ ನೀವು ಬರ್ಬೇಡಿ" ಅಂದ್ರು. ಸರಿ ಅಂದೆ. ಆದ್ರೆ ಆ ಮೆಷೀನು ಬರೋದೇ ಆದ್ರೆ, ಮನೆಕೆಲಸದೋರು, ಸೆಕ್ಯೂರಿಟಿಯೋರು, ಕಸ ಎತ್ತೋರು, ತೋಟದೋರು, ಇವರಲ್ಲಿ ಯಾರಿಗಾದ್ರೂ ಈಗಾಗ್ಲೇ ಕುತ್ತಿಗೆಯಲ್ಲಿ ಗಂಟು ಕಾಣ್ತಿದ್ರೆ, ಧ್ವನಿ ಬದಲಾಗಿದ್ರೆ, ಅವರನ್ನ ಮೊದಲು ಕೂರಿಸಿ, ಅವತ್ತಿನ ಕೂಲಿ ಹಿಡೀಬೇಡಿ, ರಿಪೋರ್ಟಲ್ಲಿ ದರ್ಜೆ ಬರೆಸಿ, ಮುಂದಕ್ಕೆ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ ಅನ್ನೋದನ್ನೂ ಇವತ್ತೇ ತೀರ್ಮಾನ ಮಾಡಿ ಅಂತ ಕೇಳಿದೀನಿ. ಅಡುಗೆ ಅಕ್ಕ ಅವರಿವರನ್ನ ವಿಚಾರಿಸಿ ಇಲ್ಲಿವರೆಗೆ ಮೂರು ಹೆಸರು ಕೊಟ್ಟಿದಾರೆ. ಕಾರ್ಯದರ್ಶಿಗಳು ನೋಡೋಣ ಅಂದಿದಾರೆ. ಭಾನುವಾರದ ಮೀಟಿಂಗಿಗೆ ಆ ಮೂರು ಹೆಸರು ಚೀಟಿಯಲ್ಲಿ ಬರ್ಕೊಂಡು ಹೋಗ್ತೀನಿ.